ಹಿತ್ತಲ ಗೂಡಿಗೆ ಹೊಸ ಕೋಳಿ ಸೇರಿಸುವುದು ಹೇಗೆ?

ಸಂತೆಯಿಂದ ತಂದ ಕೋಳಿಯನ್ನು ರಾತ್ರಿ ಹೊತ್ತು ಸದ್ದಿಲ್ಲದೆ ಗೂಡಿಗೆ ಬಿಟ್ಟುಬಿಡಿ, ಬೆಳಗಾಗುವಷ್ಟರಲ್ಲಿ ಹೊಂದಿಕೊಂಡಿರುತ್ತದೆ ಎನ್ನುವವರಿದ್ದಾರೆ. ಆ ಮಾತು ಅರ್ಧ ಸರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ರಾತ್ರಿ ಜಗಳವಾಗದು. ಬೆಳಕು ಹರಿಯುತ್ತಲೇ ಹಳೆಯ ಹೇಂಟೆಗಳು ಮುಖ, ಜುಟ್ಟು ನೋಡಿ ಇದು ನಮ್ಮದಲ್ಲ ಎಂದು ಗುರುತಿಸುತ್ತವೆ. ನೀವು ಎದ್ದು ಬಾಗಿಲು ತೆಗೆಯುವಷ್ಟರಲ್ಲಿ, ಮುಚ್ಚಿದ ಗೂಡಿನಲ್ಲಿ ಓಡಲು ಜಾಗವಿಲ್ಲದೆ ಹೊಸದರ ತಲೆಯೆಲ್ಲ ರಕ್ತ. ಆದರೂ ಕುಕ್ಕಿದ ಗಾಯ ಹೇಗೋ ಮಾಯುತ್ತದೆ. ಹೊಸ ಕೋಳಿಯ ಜೊತೆ ಕೊಕ್ಕರೆ ರೋಗ (ರಾಣಿಖೇತ್ ಎಂಬ ಅಂಟುರೋಗ) ಬಂದರೆ ಗೂಡಿಗೆ ಗೂಡೇ ಖಾಲಿ. ಆದ್ದರಿಂದ ಮೊದಲು ರೋಗದ ಲೆಕ್ಕ, ಆಮೇಲೆ ಜಗಳದ ಲೆಕ್ಕ. ಎರಡಕ್ಕೂ ಸೇರಿ ಸುಮಾರು ಒಂದೂವರೆ ತಿಂಗಳು ಬೇಕು.

ತರುವ ಮೊದಲು

ಹಿತ್ತಲಲ್ಲಿ ಆರು ಹೇಂಟೆಗಳಿವೆ, ಇನ್ನು ಮೂರು ಬೇಕು ಎಂದಿಟ್ಟುಕೊಳ್ಳೋಣ. ಒಂಬತ್ತಕ್ಕೆ ಜಾಗವಿದೆಯೇ ಅಳೆಯಿರಿ. ರಾತ್ರಿ ಮಲಗುವ ಗೂಡಿನಲ್ಲಿ ಕೋಳಿಯೊಂದಕ್ಕೆ ಎರಡೂವರೆಯಿಂದ ಮೂರು ಚದರಡಿ, ಹಗಲು ಓಡಾಡುವ ಬೇಲಿಯೊಳಗೆ ಕನಿಷ್ಠ ಎಂಟರಿಂದ ಹತ್ತು ಚದರಡಿ ಬೇಕು. ಕೂರುವ ಗಳದ ಮೇಲೆ ಒಂದೊಂದಕ್ಕೆ ಎಂಟರಿಂದ ಹತ್ತು ಇಂಚು. ಅಂದರೆ ಒಂಬತ್ತು ಕೋಳಿಗೆ ಏಳೂವರೆ ಅಡಿ ಉದ್ದದ ಗಳ. ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಗೂಡು ಸಾಕು, ಆದ್ದರಿಂದ ಎರಡು. ಈ ಅಳತೆಗೆ ಕಡಿಮೆಯಾದರೆ ಮುಂದಿನ ಯಾವ ಉಪಾಯವೂ ನಡೆಯದು. ಇಕ್ಕಟ್ಟಿನಲ್ಲಿ ಕೋಳಿ ಕುಕ್ಕಿಯೇ ಕುಕ್ಕುತ್ತದೆ.

ಒಂಟಿ ಕೋಳಿ ತರಬೇಡಿ. ಒಂದೇ ಬಂದರೆ ಎಲ್ಲರ ಕೊಕ್ಕೂ ಅದರ ಮೇಲೆ. ಎರಡು ಮೂರು ಬಂದರೆ ಪೆಟ್ಟು ಹಂಚಿಹೋಗುತ್ತದೆ, ಒಂದಕ್ಕೊಂದು ಜೊತೆಯೂ ಆಗುತ್ತದೆ. ವಯಸ್ಸು, ಗಾತ್ರ ಹೆಚ್ಚುಕಡಿಮೆ ಸಮ ಇರಲಿ. 16ರಿಂದ 18 ವಾರ ತುಂಬಿದ, ಇನ್ನೇನು ಮೊಟ್ಟೆಗೆ ಬರುವ ಹೇಂಟೆ ಆದರೆ ಒಳ್ಳೆಯದು. ಎರಡು ತಿಂಗಳ ಮರಿಗಳನ್ನು ಬಲಿತ ಕೋಳಿಗಳ ನಡುವೆ ಬಿಟ್ಟರೆ ಉಳಿಯುವುದು ಕಷ್ಟ. ಒಂದೂಕಾಲು ಕಿಲೋ ತೂಗುವ ನಾಟಿ ಕೋಳಿಯನ್ನು ಅದರ ಎರಡರಷ್ಟು ತೂಗುವ ಗಿರಿರಾಜಗಳ ಜೊತೆ ಬಿಡುವಾಗಲೂ ಎಚ್ಚರ ಬೇಕು. ಆದರೆ ಗಾತ್ರವೊಂದೇ ಮುಖ್ಯವಲ್ಲ. ಅಸಿಲ್ ಎಂಬ ಕಾಳಗದ ತಳಿಯ ರಕ್ತ ಬೆರೆತ ಸಣ್ಣ ಹೇಂಟೆ ದೊಡ್ಡ ಗಿರಿರಾಜವನ್ನು ಮೂಲೆಗೆ ಒತ್ತಿಬಿಡಬಲ್ಲದು.

ಸಂತೆಯಲ್ಲಿ ಹತ್ತು ಊರಿನ ಕೋಳಿಗಳು ಒಂದೇ ಮಂಕರಿಯಲ್ಲಿ ಉಸಿರಾಡಿರುತ್ತವೆ. ಲಸಿಕೆಯ ಲೆಕ್ಕ ಹೇಳಬಲ್ಲ ಸಾಕಣೆದಾರರಿಂದ ಕೊಂಡರೆ ಅರ್ಧ ಚಿಂತೆ ಕಡಿಮೆ. ಏಪ್ರಿಲ್-ಮೇ ತಿಂಗಳ ಸುಡು ಬಿಸಿಲು, ಮಳೆ ಹಿಡಿದ ಮೊದಲ ವಾರಗಳು, ಹಳೆಯ ಕೋಳಿಗಳು ಪುಕ್ಕ ಉದುರಿಸುವ ಹೊತ್ತು, ಈ ಮೂರನ್ನೂ ಬಿಟ್ಟು ಬೇರೆ ಕಾಲ ಆರಿಸಿ.

ಮೊದಲ 30 ದಿನ: ದೂರವೇ ಇರಲಿ

ಹೊಸ ಕೋಳಿಗಳನ್ನು ಹಳೆಯ ಗೂಡಿನಿಂದ ಕನಿಷ್ಠ 30 ಅಡಿ ದೂರ, ಗಾಳಿ ಅತ್ತ ಬೀಸದ ಕಡೆ ಇಡಿ. ಹಳೆಯ ದನದ ಕೊಟ್ಟಿಗೆಯ ಮೂಲೆಯಾದರೂ ಸರಿ, ಜಾಲರಿ ಹೊದಿಸಿದ ಪಂಜರವಾದರೂ ಸರಿ. ನೀರಿನ ಬಟ್ಟಲು, ಮೇವಿನ ತಟ್ಟೆ, ಪೊರಕೆ ಎಲ್ಲ ಬೇರೆ. ದಿನವೂ ಹಳೆಯ ಕೋಳಿಗಳ ಕೆಲಸ ಮುಗಿಸಿಕೊಂಡೇ ಹೊಸವುಗಳ ಬಳಿ ಹೋಗಬೇಕು, ತಿರುಗಿ ಬಂದ ಮೇಲೆ ಕೈ ತೊಳೆದು ಚಪ್ಪಲಿ ಬದಲಿಸಬೇಕು. ಜನ ತಪ್ಪುವುದು ಚಪ್ಪಲಿಯ ವಿಷಯದಲ್ಲೇ. ಪಂಜರ ದೂರವಿದ್ದರೂ ಹಿಕ್ಕೆ ಮೆತ್ತಿದ ಅಂಗಾಲು ರೋಗವನ್ನು ಗೂಡಿನ ಬಾಗಿಲಿಗೇ ತಂದು ಮುಟ್ಟಿಸುತ್ತದೆ.

ಮೂವತ್ತು ದಿನ ಏಕೆ? ಕೊಕ್ಕರೆ ರೋಗ ಸಾಮಾನ್ಯವಾಗಿ ಐದಾರು ದಿನದಲ್ಲಿ ಕಾಣಿಸಿಕೊಂಡರೂ ಹದಿನೈದು ದಿನ ಒಳಗೇ ಅಡಗಿರಬಲ್ಲದು. ಹೇನು, ಹುಳು, ರಕ್ತಭೇದಿ ಪತ್ತೆಯಾಗಲು, ಮದ್ದು ಮಾಡಲು ಇನ್ನೆರಡು ವಾರ ಬೇಕು.

ತಂದ ದಿನವೇ ಒಂದೊಂದನ್ನೂ ಕೈಗೆತ್ತಿ ನೋಡಿ. ಬಾಲ ಮೇಲೆತ್ತಿ, ಹಿಕ್ಕೆದ್ವಾರದ ಕೆಳಗಿನ ಪುಕ್ಕವನ್ನು ಎರಡು ಬೆರಳಲ್ಲಿ ಬಿಡಿಸಿ ಬಿಸಿಲಿಗೆ ಹಿಡಿದರೆ, ಹೇನಿದ್ದಲ್ಲಿ ಹುಲ್ಲಿನ ಬಣ್ಣದ ಸಣ್ಣ ಹುಳುಗಳು ಚರ್ಮದ ಮೇಲೆ ಸರಸರನೆ ಓಡುತ್ತವೆ. ಪುಕ್ಕದ ಬುಡದಲ್ಲಿ ಸೀರು ಸಕ್ಕರೆ ಹರಳಿನಂತೆ ಗಂಟುಕಟ್ಟಿರುತ್ತದೆ. ಆಮೇಲೆ ಕಾಲು. ಚಕ್ಕೆಗಳು ನುಣುಪಾಗಿ ಅಂಟಿಕೊಂಡಿರಬೇಕು. ಎದ್ದು ಸುಣ್ಣ ಬಳಿದಂತಿದ್ದರೆ ಕಾಲಿನ ನುಸಿ. ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಮೆತ್ತಗೆ ಉಜ್ಜಿ, ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ದಪ್ಪಗೆ ಬಳಿಯಿರಿ. ವಾರಕ್ಕೆರಡು ಸಲದಂತೆ ಮೂರು ನಾಲ್ಕು ವಾರ ಮಾಡಬೇಕು. ಹೇನಿಗೆ ಪಶುವೈದ್ಯರು ಹೇಳಿದ ಪುಡಿ ಹಾಕಿ, ಏಳರಿಂದ ಹತ್ತು ದಿನ ಬಿಟ್ಟು ಮತ್ತೊಮ್ಮೆ ಹಾಕಲೇಬೇಕು, ಏಕೆಂದರೆ ಪುಡಿ ಸೀರನ್ನು ಕೊಲ್ಲುವುದಿಲ್ಲ. ಅಗಲವಾದ ಬಾಂಡಲಿಯಲ್ಲಿ ಒಲೆಬೂದಿ, ಒಣ ಕೆಮ್ಮಣ್ಣು, ಮರಳು ಬೆರೆಸಿಟ್ಟರೆ ಅವೇ ಹೊರಳಾಡಿ ಮೈ ಕೊಡವಿಕೊಳ್ಳುತ್ತವೆ.

ರಾತ್ರಿ ಒಮ್ಮೆ ಪಂಜರದ ಪಕ್ಕ ಸುಮ್ಮನೆ ನಿಂತು ಕೇಳಿ. ಹಗಲಿನ ಗದ್ದಲದಲ್ಲಿ ತಿಳಿಯದ ಗೊರಗೊರ ಸದ್ದು, ಸೀನು ಆಗ ಸ್ಪಷ್ಟ. ದೀರ್ಘಕಾಲದ ಶೀತರೋಗ ಒಮ್ಮೆ ತಗುಲಿದ ಕೋಳಿ ಚೇತರಿಸಿಕೊಂಡಂತೆ ಕಂಡರೂ ಸಾಯುವವರೆಗೆ ರೋಗ ಹರಡುತ್ತಿರಬಹುದು. ಅಂಥದ್ದನ್ನು ಗೂಡಿಗೆ ಸೇರಿಸದಿರುವುದೇ ಲೇಸು. ಹಸಿರು ಬೇಧಿ, ತೂಗುವ ರೆಕ್ಕೆ, ತಿರುಚಿದ ಕತ್ತು ಕಂಡರೆ ಅಥವಾ ಕಾರಣವಿಲ್ಲದೆ ಒಂದರ ಹಿಂದೆ ಒಂದು ಸತ್ತರೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಮಿಕ್ಕವನ್ನು ಮಾರಬೇಡಿ, ಕೊಯ್ದು ಹಂಚಲೂ ಬೇಡಿ.

ಮೊದಲ ವಾರ ಜಂತುಹುಳದ ಔಷಧಿ, ಅದಾದ ಒಂದು ವಾರಕ್ಕೆ ಲಸಿಕೆ. ಹುಳು ತುಂಬಿದ ಮೈಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಕೊಕ್ಕರೆ ರೋಗಕ್ಕೆ ಎಂಟು ವಾರ ದಾಟಿದವಕ್ಕೆ ಆರ್2ಬಿ ಚುಚ್ಚುಮದ್ದು ಇದೆ. ಆಗಲೇ ಮೊಟ್ಟೆಗೆ ಬಂದಿದ್ದರೆ ಅದರಿಂದ ಮೊಟ್ಟೆ ಕಡಿಮೆಯಾಗಬಹುದು, ಆದ್ದರಿಂದ ಅದೇ ರೋಗದ ಸೌಮ್ಯ ಲಸಿಕೆ ಲಸೋಟಾ ಸಾಕೇ ಎಂದು ವೈದ್ಯರನ್ನು ಕೇಳಿ. ಲಸಿಕೆಯ ಬಾಟಲಿಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ದಿನ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ಓಣಿಗೂ ಕ್ಷೇಮ. ನಿಮ್ಮ ಹಳೆಯ ಕೋಳಿಗಳ ಲಸಿಕೆ ಬಾಕಿಯಿದ್ದರೆ ಅದನ್ನೂ ಮುಗಿಸಿ.

ಮುಂದಿನ 10 ದಿನ: ನಡುವೆ ಜಾಲರಿ

ಈಗ ಹೊಸವನ್ನು ಹಳೆಯ ಕೋಳಿಗಳ ಬೇಲಿಯೊಳಗೇ ತನ್ನಿ, ಆದರೆ ನಡುವೆ ಜಾಲರಿ ಇರಲಿ. ಜಾಲರಿಯ ಕಣ್ಣು ಅರ್ಧ ಇಂಚಿನದಾಗಿರಲಿ. ದೊಡ್ಡದಾದರೆ ಕತ್ತು ತೂರಿಸಿ ಕುಕ್ಕುತ್ತವೆ. ನಾಟಿ ಕೋಳಿ ಐದಡಿ ಸುಲಭವಾಗಿ ಹಾರುವುದರಿಂದ ಮೇಲೂ ಮುಚ್ಚಿ. ಮೇವಿನ ತಟ್ಟೆಗಳನ್ನು ಜಾಲರಿಯ ಎರಡು ಪಕ್ಕ ಎದುರುಬದುರಾಗಿ ಇಡಿ. ಮೊದಲೆರಡು ದಿನ ಹಳೆಯವು ಕತ್ತಿನ ಪುಕ್ಕ ಅರಳಿಸಿ ಜಾಲರಿಗೆ ಎಗರುತ್ತವೆ. ನಾಲ್ಕೈದನೇ ದಿನಕ್ಕೆ ಪಕ್ಕದಲ್ಲೇ ತಿನ್ನತೊಡಗುತ್ತವೆ. ಹೊಸವುಗಳತ್ತ ನೋಡದೆ ಕೆದಕುತ್ತ ಹೋದವೆಂದರೆ ಕೆಲಸ ಅರ್ಧವಾಯಿತು.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಸರದಿ ಇದೆ ಎಂದು ವಿಜ್ಞಾನದ ಭಾಷೆಯಲ್ಲಿ ಮೊದಲು ಬರೆದಿಟ್ಟವರು ನಾರ್ವೆಯ ತೋರ್ಲೀಫ್ ಶೆಲ್ಡರಪ್-ಎಬ್ಬೆ, 1920ರ ದಶಕದ ಆರಂಭದಲ್ಲಿ. ಮೇವಿಗೆ ಮೊದಲು ಬಾಯಿ ಹಾಕುವುದು, ಗಳದ ಒಳ್ಳೆಯ ಜಾಗ ಹಿಡಿಯುವುದು ಎಲ್ಲ ಈ ಸರದಿಯಂತೆಯೇ. ಹೊಸದು ಬಂದಾಗ ಇಡೀ ಸರದಿ ಮತ್ತೆ ತೀರ್ಮಾನವಾಗಬೇಕು. ಜಗಳವನ್ನು ನಾವು ತಪ್ಪಿಸಲಾರೆವು, ರಕ್ತ ಬರದಂತೆ ನೋಡಿಕೊಳ್ಳಬಹುದಷ್ಟೆ.

ಕೂಡಿಸುವ ದಿನ

ಇಡೀ ದಿನ ನೀವು ಮನೆಯಲ್ಲಿರುವ ರಜೆಯ ದಿನ ಆರಿಸಿ. ಹಿಂದಿನ ಸಂಜೆ ಬೇಲಿಯೊಳಗಿನ ಸಾಮಾನಿನ ಜಾಗ ಬದಲಿಸಿ: ಗಳ ಆಚೀಚೆ ಮಾಡಿ, ನೀರಿನ ಬಟ್ಟಲು ಸರಿಸಿ, ಒಂದೆರಡು ಸೊಪ್ಪಿನ ಕೊಂಬೆ ನೆಡಿ. ಜಾಗ ಅಪರಿಚಿತವಾದರೆ ಹಳೆಯವುಗಳ ಯಜಮಾನಿಕೆ ಸ್ವಲ್ಪ ಸಡಿಲುತ್ತದೆ. ಹಲಗೆಯೊಂದನ್ನು ಗೋಡೆಗೆ ಓರೆಯಾಗಿ ಒರಗಿಸಿ, ಎರಡೂ ತುದಿ ತೆರೆದಿರಲಿ. ಅಡಗುವ ಜಾಗಕ್ಕೆ ಒಂದೇ ಬಾಗಿಲಿದ್ದರೆ ಅದು ಬೋನು. ಮೇವು ಮೂರು ಕಡೆ, ನೀರು ಎರಡು ಕಡೆ, ಒಂದರಿಂದೊಂದು ಆರಡಿ ದೂರ.

ಮಧ್ಯಾಹ್ನ ಮೂರೂವರೆ ನಾಲ್ಕರ ಸುಮಾರಿಗೆ ಜಾಲರಿ ತೆಗೆಯಿರಿ. ಕತ್ತಲಾಗಲು ಎರಡೂವರೆ ತಾಸು ಇದ್ದರೆ ಜಗಳ ಕಾಯಲು ಸಾಕು, ಬೇಕಾದರೆ ತಡೆಯಲೂ ಸಾಕು. ನುಗ್ಗೆ ಸೊಪ್ಪಿನ ಕಂತೆ, ಬಸಳೆಯ ಬಳ್ಳಿಯನ್ನು ಕೊಕ್ಕಿಗೆ ಎಟುಕುವ ಎತ್ತರದಲ್ಲಿ ಎರಡು ಕಡೆ ನೇತುಹಾಕಿದರೆ ಗಮನ ಅತ್ತ ಹರಿಯುತ್ತದೆ. ತಲೆಗೆ ಒಂದೆರಡು ಕುಕ್ಕು, ನಾಲ್ಕು ಮಾರು ಅಟ್ಟಿಸಿಕೊಂಡು ಹೋಗುವುದು, ಎದೆಗೆ ಎದೆ ಕೊಟ್ಟು ಜಿಗಿಯುವುದು ಮಾಮೂಲು. ಮಧ್ಯೆ ಬಾಯಿ ಹಾಕಬೇಡಿ, ತಡೆದಷ್ಟೂ ತೀರ್ಮಾನ ತಡವಾಗುತ್ತದೆ. ಒಂದನ್ನು ನೆಲಕ್ಕೆ ಕೆಡವಿ ಇನ್ನೊಂದು ಬಿಡದೆ ಕುಕ್ಕಿದರೆ, ಎರಡು ಮೂರು ಸೇರಿ ಮುತ್ತಿದರೆ, ರಕ್ತ ಕಂಡರೆ ಮಾತ್ರ ತಕ್ಷಣ ಬಿಡಿಸಿ. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಯ ಸ್ವಭಾವ. ಗಾಯ ತೊಳೆದು ಬೇವಿನೆಣ್ಣೆಯಲ್ಲಿ ಕಲಸಿದ ಅರಿಸಿನ ಹಚ್ಚಿ, ಕೆಂಪು ಮರೆಯಾಗಿ ಪೂರ್ತಿ ಒಣಗುವವರೆಗೆ ಆ ಕೋಳಿ ಜಾಲರಿಯ ಹಿಂದೆಯೇ ಇರಲಿ.

ರಾತ್ರಿ ಎಲ್ಲವೂ ಗಳವೇರಿದ ಮೇಲೆ, ಮೂಲೆಯಲ್ಲೋ ಮೊಟ್ಟೆ ಗೂಡಿನಲ್ಲೋ ಮುದುರಿ ಕೂತ ಹೊಸವನ್ನು ಎತ್ತಿ ಗಳದ ಮೇಲೆ ಕೂರಿಸಿ. ಮೊದಲು ಹೇಳಿದ, ರಾತ್ರಿ ಗೂಡಿಗೆ ಬಿಡುವ ಆ ಉಪಾಯಕ್ಕೆ ಇದೇ ಸರಿಯಾದ ಜಾಗ. ಮಾರನೆ ದಿನ ಬೆಳಕು ಹರಿಯುವ ಮೊದಲೇ ಬಾಗಿಲು ತೆಗೆಯಬೇಕು, ಕನಿಷ್ಠ ಒಂದು ವಾರ.

ಸಾಮಾನ್ಯವಾಗಿ ಕೆಡುವುದು

ಹೊಸದು ಹಸಿದಿರುವುದು. ಹೊರಗೆ ಗಾಯವಿಲ್ಲದೆ ಒಳಗೇ ಸೊರಗುತ್ತದೆ. ಸಂಜೆ ಗಳದ ಮೇಲಿದ್ದಾಗ ಕತ್ತಿನ ಬುಡದ ಬಲಕ್ಕೆ, ಕಾಳು ಕೂಡುವ ಚೀಲವನ್ನು ಮುಟ್ಟಿ ನೋಡಿ. ಹೊಟ್ಟೆತುಂಬ ತಿಂದದ್ದಕ್ಕೆ ಅಲ್ಲಿ ನಿಂಬೆಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಉಬ್ಬು ಸಿಗುತ್ತದೆ. ಬರಿದಾಗಿದ್ದರೆ ಮೇವಿನ ಹತ್ತಿರ ಬರಲು ಬಿಟ್ಟಿಲ್ಲ ಎಂದರ್ಥ. ಇನ್ನೊಂದು ತಟ್ಟೆ ಹಲಗೆಯ ಹಿಂದೆ ಇಡಿ.

ಒಂದೇ ಹೇಂಟೆ ಬಿಡದೆ ಕಾಡಿದರೆ ಏಟು ತಿಂದದ್ದನ್ನಲ್ಲ, ಕಾಡುವುದನ್ನೇ ಮೂರು ದಿನ ಕಣ್ಣಿಗೆ ಬೀಳದಂತೆ ಬೇರೆ ಇಡಿ. ತಿರುಗಿ ಬರುವಾಗ ಅದೇ ಹೊಸದಾಗಿರುತ್ತದೆ, ಸೊಕ್ಕು ಇಳಿದಿರುತ್ತದೆ.

ಹೊಸವು ಇನ್ನೂ ಮೊಟ್ಟೆಗೆ ಬಂದಿರದಿದ್ದರೆ ಮೇವಿನ ತೊಡಕೂ ಇದೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಶೇ 3.5ರಿಂದ 4ರಷ್ಟು, ಎಳೆಯ ಹೇಂಟೆ ಅದನ್ನು ವಾರಗಟ್ಟಲೆ ತಿಂದರೆ ಮೂತ್ರಪಿಂಡಕ್ಕೆ ಪೆಟ್ಟು. ಎಲ್ಲಕ್ಕೂ ಬೆಳೆಯುವ ಕೋಳಿಯ ಮೇವನ್ನೇ ಹಾಕಿ, ಚಿಪ್ಪಿನ ಚೂರನ್ನು ಪ್ರತ್ಯೇಕ ಬಟ್ಟಲಲ್ಲಿ ಇಡಿ. ಬೇಕಾದವು ಬೇಕಾದಷ್ಟು ಹೆಕ್ಕಿಕೊಳ್ಳುತ್ತವೆ.

ಇರುವ ಒಂದು ಹುಂಜ ಹೇಂಟೆಗಳ ಜಗಳ ತಣಿಸುವುದುಂಟು. ಹೊಸ ಹುಂಜ ಮಾತ್ರ ಬೇಡ. ಯಾವುದಾದರೂ ಹೇಂಟೆ ಕಾವಿಗೆ ಕೂತಿದ್ದರೆ ಅದು ಏಳುವವರೆಗೆ ಕೂಡಿಸುವುದನ್ನು ಮುಂದೂಡಿ.

ಈ ಗದ್ದಲದಲ್ಲಿ ಹಳೆಯವುಗಳ ಮೊಟ್ಟೆ ಒಂದೆರಡು ವಾರ ಕಡಿಮೆಯಾಗುವುದು ಸಹಜ. ಮೂರು ವಾರ ಕಳೆದರೂ ಏರದಿದ್ದರೆ, ಅದರಲ್ಲೂ ಮೆತ್ತನೆ ಚಿಪ್ಪಿನ, ಸೊಟ್ಟ ಮೊಟ್ಟೆಗಳು ಬಂದರೆ, ಕಾರಣ ಜಗಳವಲ್ಲ. ಅಂಥ ಎರಡು ಮೊಟ್ಟೆ ತೆಗೆದುಕೊಂಡು ಪಶುವೈದ್ಯರ ಬಳಿ ಹೋಗಿ.