ಕರಾವಳಿಯಲ್ಲಿ ಟೀಮ್ ಬಿಲ್ಡಿಂಗ್: ಆಯೋಜಕರನ್ನು ನಾನು ಆರಿಸುವ ಬಗೆ

ದೊಡ್ಡ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗದಲ್ಲಿರುವ ನನ್ನ ಕೆಲಸಗಳಲ್ಲಿ, ಬೆಂಗಳೂರು ಮತ್ತು ಹುಬ್ಬಳ್ಳಿ ಕಚೇರಿಗಳ ನೌಕರರನ್ನು ಟೀಮ್ ಬಿಲ್ಡಿಂಗ್ ಶಿಬಿರಗಳಿಗಾಗಿ ಉತ್ತರ ಕನ್ನಡಕ್ಕೆ ಕರೆತರುವುದೂ ಒಂದು. ಶಿರಸಿ ನನ್ನ ಹುಟ್ಟೂರಾದ್ದರಿಂದ ಜಾಗಗಳ ಪರಿಚಯವಿದೆ. ಕಷ್ಟವಾಗುವುದು ಆಯೋಜಕರನ್ನು ಆರಿಸುವಾಗ. ಒಪ್ಪಂದಕ್ಕೆ ಸಹಿ ಹಾಕುವುದು ಬೆಂಗಳೂರಿನ ಏಜೆನ್ಸಿಯಾದರೆ, ಕಾಳಿ ನದಿ ದಡದ ಗಣೇಶಗುಡಿಯಲ್ಲಿ ರಾಫ್ಟ್ (ಗಾಳಿ ತುಂಬಿದ ರಬ್ಬರ್ ದೋಣಿ) ನಡೆಸುವವರು ಬೇರೆ, ಅಡುಗೆಯವರು ಬೇರೆ, ಬಸ್ಸಿನವರು ಮತ್ತೂ ಬೇರೆ. ಆದ್ದರಿಂದ ದರಪಟ್ಟಿಯನ್ನು ತೆರೆಯುವ ಮೊದಲೇ, ಆ ದಿನ ನಮ್ಮ ಜನರ ಜೊತೆ ನೀರಿಗಿಳಿಯುವವರು ಯಾರು ಎಂದು ಕೇಳುತ್ತೇನೆ. ಉಪಗುತ್ತಿಗೆದಾರರ ಹೆಸರು, ಅವರ ಪರವಾನಗಿ, ಗೈಡ್‌ಗಳ ತರಬೇತಿ ಪ್ರಮಾಣಪತ್ರ ಮತ್ತು ವಿಮೆಯ ಪ್ರತಿಯನ್ನು ಒಪ್ಪಂದಕ್ಕೆ ಲಗತ್ತಿಸಲು ಹಿಂದೆಗೆಯುವವರನ್ನು, ಅವರ ಪ್ರಸ್ತಾವ ಎಷ್ಟೇ ಚಂದವಿದ್ದರೂ, ಅಲ್ಲಿಗೇ ಬಿಡುತ್ತೇನೆ.

ಒಪ್ಪಂದಕ್ಕೆ ಮುಂಚೆ ನಾನೇ ಹೋಗಿ ಜಾಗ ನೋಡುತ್ತೇನೆ. ಲೈಫ್ ಜಾಕೆಟ್‌ಗಳ ಬಕಲ್‌ಗಳನ್ನು ಹಾಕಿ ಬಿಚ್ಚಿ, ದಪ್ಪ ಮೈಕಟ್ಟಿನವರಿಗೂ ಸಣ್ಣ ಮೈಕಟ್ಟಿನವರಿಗೂ ಹೊಂದುವ ಅಳತೆಗಳಿವೆಯೇ ಎಂದು ಪರೀಕ್ಷಿಸುತ್ತೇನೆ. ಸ್ಥಳೀಯ ಗೈಡ್‌ಗಳ ಜೊತೆ ಏಜೆನ್ಸಿಯವರಿಲ್ಲದಾಗ ಮಾತನಾಡುತ್ತೇನೆ. ನೀರು ಹೆಚ್ಚಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ತಡವರಿಸದೆ ‘ನಿಲ್ಲಿಸ್ತೇವೆ’ ಎನ್ನುವವರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ. ನಿಲ್ಲಿಸುವ ಅಧಿಕಾರ ಗೈಡ್‌ಗೇ ಸೇರಿದ್ದು, ನಮ್ಮ ಹಿರಿಯ ಅಧಿಕಾರಿ ಒತ್ತಾಯಿಸಿದರೂ ಅವರ ಮಾತೇ ಅಂತಿಮ ಎಂಬ ವಾಕ್ಯವನ್ನು ಒಪ್ಪಂದದಲ್ಲಿ ಬರೆಸುತ್ತೇನೆ. ಮದ್ಯ ಸೇವಿಸಿದವರನ್ನು ನೀರಿಗಿಳಿಸುವಂತಿಲ್ಲ ಎಂಬುದೂ ಅಲ್ಲಿಯೇ ಇರುತ್ತದೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಹೋದ ಮೇಲಂತೂ ಈ ಷರತ್ತುಗಳನ್ನು ಸಡಿಲಿಸಲು ನಾನು ಯಾರಿಗೂ ಒಪ್ಪಿಲ್ಲ.

ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟೆಯಿಂದ ವಿದ್ಯುತ್ ಉತ್ಪಾದನೆಗೆ ಬಿಡುವ ನೀರನ್ನು ಅವಲಂಬಿಸಿದೆ. ನೀರು ಬಿಡುವುದನ್ನು ಯಾವ ಏಜೆನ್ಸಿಯೂ ಖಾತರಿಪಡಿಸಲಾರದು. ಆದ ಕಾರಣ ರಾಫ್ಟಿಂಗ್ ನಡೆಯದಿದ್ದರೆ ಬದಲಿ ಚಟುವಟಿಕೆ ಯಾವುದು, ಹಣ ಎಷ್ಟು ಮರಳುತ್ತದೆ ಎಂಬುದನ್ನು ಮೊದಲೇ ಬರೆದಿಡಬೇಕು. ಕಡಲಾಟಗಳನ್ನು ಮಳೆಗಾಲದ ತಿಂಗಳುಗಳಲ್ಲಿ ನಾನು ಯೋಚಿಸುವುದೇ ಇಲ್ಲ. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತ್ತು. ಬಸ್ಸಿನವರ ಬಳಿ ಪರ್ಯಾಯ ಘಟ್ಟದ ದಾರಿಯ ಯೋಜನೆಯನ್ನೂ ಕೇಳುವುದು ಅದಕ್ಕಾಗಿ. ಆಸ್ಪತ್ರೆಯ ವಿಷಯ ಇನ್ನೂ ಗಂಭೀರವಾದದ್ದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಿದ್ದರೂ, ತೀವ್ರ ಗಾಯಗಳಿಗೆ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ ಇಲ್ಲವೇ ಗೋವಾಕ್ಕೆ ಓಡಬೇಕಾದ ಸ್ಥಿತಿ ನಮ್ಮಲ್ಲಿದೆ. ಶಿಬಿರದ ಜಾಗದಿಂದ ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟು ಹೊತ್ತಿನಲ್ಲಿ ಎಂಬ ಲಿಖಿತ ಉತ್ತರವಿಲ್ಲದೆ ನಾನು ದಿನಾಂಕ ಖಚಿತಪಡಿಸುವುದಿಲ್ಲ.

ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೆಲಸದ ನಿಮಿತ್ತ ನೌಕರರು ಹೋಗುವ ಜಾಗವೂ, ಕಂಪನಿ ಒದಗಿಸುವ ವಾಹನವೂ ಕೆಲಸದ ಸ್ಥಳವೇ. ಆಟಗಳನ್ನು ನಡೆಸಿಕೊಡುವವರಿಗೆ ಇದನ್ನು ಮುಂಚೆಯೇ ತಿಳಿಸಿ, ಮೈ ತಾಗಿಸುವ ಆಟಗಳನ್ನು ಪಟ್ಟಿಯಿಂದ ತೆಗೆಸುತ್ತೇನೆ.

ಎಲ್ಲರೂ ಈಜುವವರಲ್ಲ, ಎಲ್ಲರ ಮಂಡಿಯೂ ಗುಡ್ಡ ಹತ್ತುವಷ್ಟು ಗಟ್ಟಿಯಿರುವುದಿಲ್ಲ. ಅಂಥವರನ್ನು ದಡದ ಮೇಲೆ ಕೂರಿಸಿ ಚಪ್ಪಾಳೆ ತಟ್ಟಿಸುವ ಶಿಬಿರ ತಂಡವನ್ನು ಒಡೆಯುತ್ತದೆ ಎಂದೇ ನನ್ನ ಅಭಿಪ್ರಾಯ. ಹೊನ್ನಾವರದ ಕಡೆಯ ಯಕ್ಷಗಾನ ಕಲಾವಿದರಿಂದ ಅರ್ಧ ದಿನದ ಕಮ್ಮಟ ಮಾಡಿಸಿದಾಗ ನನಗೆ ತುಂಬ ತೃಪ್ತಿಯಾಯಿತು. ಭಾಗವತರ ಪದ, ಮದ್ದಳೆ ಮತ್ತು ಚಂಡೆಯ ಪೆಟ್ಟು, ಕುಣಿಯುವವರ ಹೆಜ್ಜೆ ಒಂದನ್ನೊಂದು ಕಾಯಬೇಕಾಗುತ್ತದೆ. ಮೀಟಿಂಗ್‌ಗಳಲ್ಲಿ ಮತ್ತೊಬ್ಬರ ಮಾತನ್ನು ಅರ್ಧಕ್ಕೇ ತಡೆಯುವ ವ್ಯವಸ್ಥಾಪಕರೊಬ್ಬರು ಅಂದು ಕಿರಿಯ ಸಹೋದ್ಯೋಗಿಯ ತಾಳಕ್ಕೆ ಕಾದು ಹೆಜ್ಜೆ ಹಾಕಿದರು. ಕಲಾವಿದರ ಸಂಭಾವನೆಯನ್ನು ಏಜೆನ್ಸಿಯ ಮೂಲಕ ಕೊಡಿಸದೆ ನೇರವಾಗಿ ಅವರ ಖಾತೆಗೇ ಹಾಕಿಸಿದೆ.

ಹಣ ಪಾವತಿಯಲ್ಲಿ ದೊಡ್ಡ ಕಂಪನಿಗಳ ನಡತೆ ತಿದ್ದಬೇಕಾದದ್ದು ಬಹಳವಿದೆ. ದೋಣಿಯವರು ಡೀಸೆಲ್ಲನ್ನೂ ಅಡುಗೆಯವರು ಮೀನನ್ನೂ ಆ ದಿನವೇ ರೊಕ್ಕ ಕೊಟ್ಟು ತರುತ್ತಾರೆ. ನಮ್ಮ ಲೆಕ್ಕಪತ್ರ ವಿಭಾಗವು ಬಿಲ್ಲನ್ನು ಮೂರು ತಿಂಗಳು ಇಟ್ಟುಕೊಂಡರೆ ಅವರು ಬಡ್ಡಿಗೆ ಸಾಲ ತೆಗೆಯಬೇಕಾಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನಗಳೊಳಗೆ ಪಾವತಿಸಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಆ ಅವಧಿ ಮೀರಿದರೆ ಹಣ ಪಾವತಿಯಾಗುವವರೆಗೆ ಕಂಪನಿ ಅದನ್ನು ಖರ್ಚೆಂದು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬ ನಿಯಮವೂ 2023ರ ತಿದ್ದುಪಡಿಯಿಂದ ಸೇರಿದೆ. ಈ ಎರಡನ್ನೂ ಮುಂದಿಟ್ಟು, ಅರ್ಧ ಹಣ ಮುಂಗಡವಾಗಿ, ಉಳಿದದ್ದು ಬಿಲ್ ಬಂದ ಎರಡು ವಾರದಲ್ಲಿ ಎಂಬ ಷರತ್ತಿಗೆ ನಮ್ಮ ಹಣಕಾಸು ವಿಭಾಗವನ್ನು ಒಪ್ಪಿಸಿದ್ದೇನೆ. ಏಜೆನ್ಸಿಯೂ ತನ್ನ ಉಪಗುತ್ತಿಗೆದಾರರಿಗೆ ಅದೇ ಅವಧಿಯಲ್ಲಿ ಪಾವತಿಸಿದ ದಾಖಲೆ ಕೊಟ್ಟ ಮೇಲೆಯೇ ಮುಂದಿನ ಶಿಬಿರದ ಆರ್ಡರ್ ಅವರಿಗೆ ಹೋಗುತ್ತದೆ.