ವಾಟ್ಸ್‌ಆ್ಯಪ್‌ಗೆ ಬಂದ ತೀರ್ಪನ್ನು ನ್ಯಾಯಾಲಯಕ್ಕೆ ಒಯ್ಯುವ ಮುನ್ನ

ಬೆಳಿಗ್ಗೆ ಒಂಬತ್ತಕ್ಕೆ ವಕೀಲರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಸುಪ್ರೀಂ ಕೋರ್ಟಿನ ಮಹತ್ವದ ತೀರ್ಪು, ಎಲ್ಲರೂ ಓದಿ’ ಎಂಬ ಸಂದೇಶ ಬೀಳುತ್ತದೆ. ಅದರ ಕೆಳಗೆ ಒಂದು ಸುದ್ದಿತಾಣದ ಕೊಂಡಿ ಇರುತ್ತದೆ, ಇಲ್ಲವೇ ಯಾರೋ ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ನಾಲ್ಕು ಸಾಲುಗಳಿರುತ್ತವೆ. ಹನ್ನೊಂದಕ್ಕೆ ಕಲಾಪ ಶುರುವಾಗುವ ಹೊತ್ತಿಗೆ ಆ ನಾಲ್ಕು ಸಾಲುಗಳು ಯಾವುದೋ ತಾಲ್ಲೂಕು ನ್ಯಾಯಾಲಯದಲ್ಲಿ ವಾದವಾಗಿ ಮಂಡನೆಯಾಗುತ್ತಿರುತ್ತವೆ.

2024ರ ಮಳೆಗಾಲದಲ್ಲಿ ನಮ್ಮ ಕಚೇರಿಯ ಕಿರಿಯ ವಕೀಲರೊಬ್ಬರಿಗೆ ಹೀಗೇ ಆಯಿತು. ಹೈಕೋರ್ಟಿನ ತಡೆಯಾಜ್ಞೆಯಿಂದಾಗಿ ನಿಂತಿದ್ದ ದಾವೆ ಅದು. ಆರು ತಿಂಗಳು ಕಳೆದಿರುವುದರಿಂದ ಏಷ್ಯನ್ ರೀಸರ್ಫೇಸಿಂಗ್ ಪ್ರಕರಣದ ತೀರ್ಪಿನಂತೆ ತಡೆಯಾಜ್ಞೆ ತಾನಾಗಿಯೇ ತೆರವಾಗಿದೆ, ಸಾಕ್ಷ್ಯ ದಾಖಲಿಸಬೇಕು ಎಂದು ಅವರು ಮೊಬೈಲ್ ನೋಡಿಕೊಂಡು ವಾದಿಸಿದರು. ಎದುರು ವಕೀಲರು ಎದ್ದು ನಿಂತು ಒಂದೇ ಮಾತು ಹೇಳಿದರು: ‘ಸ್ವಾಮಿ, ಆ ತೀರ್ಪು ಫೆಬ್ರವರಿಯಲ್ಲೇ ಹೋಯಿತು.’ 2018ರಲ್ಲಿ ಮೂವರು ನ್ಯಾಯಮೂರ್ತಿಗಳು ಕೊಟ್ಟಿದ್ದ ಆ ತೀರ್ಪನ್ನು ಅಲಹಾಬಾದ್ ಹೈಕೋರ್ಟ್ ವಕೀಲರ ಸಂಘದ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2024ರ ಫೆಬ್ರವರಿ 29ರಂದು ತಳ್ಳಿಹಾಕಿತ್ತು. ಪರಿಶೀಲಿಸದೆ ಕಡತ ಕೊಟ್ಟು ಕಳಿಸಿದ ನನ್ನ ತಪ್ಪೂ ಅದರಲ್ಲಿ ಇತ್ತು. ಆ ದಿನದಿಂದ ನಾವು ಪಾಲಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಇದಕ್ಕೆ ಯಾವ ದುಬಾರಿ ತಂತ್ರಾಂಶದ ಚಂದಾವೂ ಬೇಕಿಲ್ಲ.

ಹೇಳಿದ್ದೋ, ಬರೆದದ್ದೋ?

ಲೈವ್‌ಲಾ, ಬಾರ್ ಅಂಡ್ ಬೆಂಚ್‌ನಂಥ ತಾಣಗಳು ನ್ಯಾಯಾಲಯದ ದಿನದಿನದ ಸುದ್ದಿಯನ್ನು ಚುರುಕಾಗಿ ಕೊಡುತ್ತವೆ. ನಾನೂ ದಿನವೂ ಓದುತ್ತೇನೆ. ಆದರೆ ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಆಡಿದ ಮಾತು, ನೋಟಿಸ್ ಜಾರಿ ಮಾಡಿದ ಆದೇಶ, ಮಧ್ಯಂತರ ಆದೇಶ ಮತ್ತು ಅಂತಿಮ ತೀರ್ಪು ಈ ನಾಲ್ಕೂ ತಲೆಬರಹದಲ್ಲಿ ಒಂದೇ ಥರ ಕಾಣುತ್ತವೆ. ಬರವಣಿಗೆಯ ಆದೇಶದಲ್ಲಿ ಸೇರದ ಮೌಖಿಕ ಮಾತು ಯಾರನ್ನೂ ಕಟ್ಟಿಹಾಕುವುದಿಲ್ಲ. ಹಾಗಾಗಿ ಮೊದಲು ಸುದ್ದಿಯ ಕೊನೆಯವರೆಗೆ ಹೋಗಿ ಪ್ರಕರಣದ ಹೆಸರು, ಸಂಖ್ಯೆ, ಪೀಠ ಮತ್ತು ದಿನಾಂಕವನ್ನು ಗುರುತು ಹಾಕಿಕೊಳ್ಳಿ. ಈ ನಾಲ್ಕರಲ್ಲಿ ಒಂದೂ ಇಲ್ಲದ ಸಂದೇಶವನ್ನು ಅಲ್ಲಿಗೇ ಬಿಟ್ಟುಬಿಡಬಹುದು.

ಮೂಲ ಪ್ರತಿಯನ್ನು ಇಳಿಸಿಕೊಳ್ಳಿ

ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ತನ್ನ ಅಧಿಕೃತ ವರದಿಗಳನ್ನು ಇ-ಎಸ್‌ಸಿಆರ್ ಎಂಬ ಅಂತರ್ಜಾಲ ವ್ಯವಸ್ಥೆಯ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಅದೇ ವರ್ಷದಿಂದ ತೀರ್ಪುಗಳಿಗೆ ನ್ಯೂಟ್ರಲ್ ಸೈಟೇಷನ್, ಅಂದರೆ ಯಾವ ಪ್ರಕಾಶಕರನ್ನೂ ಅವಲಂಬಿಸದ, ನ್ಯಾಯಾಲಯವೇ ಕೊಡುವ ಗುರುತು ಸಂಖ್ಯೆ ಕೊಡಲಾಗುತ್ತಿದೆ. ಮೇಲೆ ಹೇಳಿದ ಸಂವಿಧಾನ ಪೀಠದ ತೀರ್ಪಿಗೆ ‘2024 ಐಎನ್‌ಎಸ್‌ಸಿ 150’ ಎಂಬ ಗುರುತಿದೆ. ಖಾಸಗಿ ಪ್ರಕಾಶಕರ ಸಂಪುಟ ಕೈಯಲ್ಲಿಲ್ಲದಿದ್ದರೂ ಈ ಗುರುತೊಂದಿದ್ದರೆ ತೀರ್ಪು ಸಿಗುತ್ತದೆ. ನಮ್ಮ ಹೈಕೋರ್ಟಿನ ತೀರ್ಪುಗಳಲ್ಲಿ ವರ್ಷದ ನಂತರ ‘ಕೆಎಚ್‌ಸಿ’ ಎಂದಷ್ಟೇ ಇದ್ದರೆ ಬೆಂಗಳೂರು, ‘ಕೆಎಚ್‌ಸಿ-ಡಿ’ ಎಂದಿದ್ದರೆ ಧಾರವಾಡ, ‘ಕೆಎಚ್‌ಸಿ-ಕೆ’ ಎಂದಿದ್ದರೆ ಕಲಬುರಗಿ ಪೀಠ ಎಂದು ತಿಳಿಯಬೇಕು. ಸಂಖ್ಯೆಯ ಕೊನೆಗೆ ‘ಡಿಬಿ’ ಎಂದಿದ್ದರೆ ಅದು ವಿಭಾಗೀಯ ಪೀಠದ್ದು.

ಹೆಸರಿನಿಂದಲೋ ವಿಷಯದಿಂದಲೋ ಹುಡುಕುವುದಾದರೆ 2008ರಿಂದ ನಡೆಯುತ್ತಿರುವ ಇಂಡಿಯನ್ ಕಾನೂನ್ ಎಂಬ ತೀರ್ಪು ಹುಡುಕುವ ತಾಣ ಅನುಕೂಲಕರ. ಆದರೆ ಅಲ್ಲಿ ಸಿಕ್ಕಿದ್ದನ್ನು ಅಲ್ಲೇ ಮುದ್ರಿಸಿಕೊಳ್ಳದೆ ನ್ಯಾಯಾಲಯದ ಅಧಿಕೃತ ತಾಣದಿಂದ ಪಿಡಿಎಫ್ ಇಳಿಸಿಕೊಳ್ಳಿ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಹೇಳಿದ ತೀರ್ಪುಗಳಿಗಂತೂ ಈ ಹಂತ ಕಡ್ಡಾಯ. ಪಕ್ಷಗಾರರ ಹೆಸರು, ವರ್ಷ, ಸಂಪುಟ, ಪುಟ ಎಲ್ಲವನ್ನೂ ಅವು ನಂಬುವ ಹಾಗೆ ಹೆಣೆಯಬಲ್ಲವು. ಚಾಟ್‌ಬಾಟಿನಿಂದಲೇ ಆಗಲಿ, ಬೇರೆ ದಾರಿಯಿಂದಲೇ ಆಗಲಿ, ಇಲ್ಲದ ತೀರ್ಪು ಕಡತದೊಳಗೆ ಬಂದುಬಿಡುವುದು ಬರೀ ಊಹೆಯ ಮಾತಲ್ಲ. ವಿಚಾರಣಾ ನ್ಯಾಯಾಲಯದ ಆದೇಶವೊಂದರಲ್ಲಿ ಅಸ್ತಿತ್ವದಲ್ಲೇ ಇಲ್ಲದ ಸುಪ್ರೀಂ ಕೋರ್ಟ್ ತೀರ್ಪುಗಳು ಉಲ್ಲೇಖವಾಗಿದ್ದನ್ನು ಕಂಡು ನಮ್ಮ ಹೈಕೋರ್ಟು 2025ರ ಮಾರ್ಚ್‌ನಲ್ಲಿ ಮುಂದಿನ ಕ್ರಮಕ್ಕೆ ಸೂಚಿಸಿತು.

ತೀರ್ಪು ಇನ್ನೂ ಊರ್ಜಿತವಾಗಿದೆಯೇ?

ನಾವು ಎಡವಿದ್ದು ಇಲ್ಲಿ. ಹೆಚ್ಚಿನವರು ಎಡವುವುದೂ ಇಲ್ಲೇ. ಇಂಡಿಯನ್ ಕಾನೂನ್‌ನಲ್ಲಿ ಒಂದು ತೀರ್ಪನ್ನು ತೆರೆದರೆ ಅದನ್ನು ಯಾವ ಯಾವ ನಂತರದ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಸುಪ್ರೀಂ ಕೋರ್ಟಿನವನ್ನು ಪ್ರತ್ಯೇಕಿಸಿ, ಹೊಸತರಿಂದ ಹಿಂದಕ್ಕೆ ಓದುತ್ತ ಬನ್ನಿ. ಐದಾರು ತೆರೆಯುವಷ್ಟರಲ್ಲಿ ಹಳೆಯ ತೀರ್ಪಿನ ಸ್ಥಿತಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಜೊತೆಗೆ ಪ್ರತಿ ತೀರ್ಪಿನಲ್ಲೂ ನ್ಯಾಯಮೂರ್ತಿಗಳು ಎಷ್ಟು ಮಂದಿ ಎಂದು ಎಣಿಸಬೇಕು. ಎರಡು ತೀರ್ಪುಗಳ ನಡುವೆ ಭಿನ್ನತೆ ಬಂದಾಗ ಹೊಸತು ಯಾವುದು ಎನ್ನುವುದಕ್ಕಿಂತ ದೊಡ್ಡ ಪೀಠದ್ದು ಯಾವುದು ಎನ್ನುವುದು ಮುಖ್ಯವಾಗುತ್ತದೆ.

ಹೈಕೋರ್ಟಿನ ತೀರ್ಪಾಗಿದ್ದರೆ ಅದರ ವಿರುದ್ಧ ಮೇಲ್ಮನವಿ ಹೋಗಿದೆಯೇ ಎಂದೂ ನೋಡಬೇಕು. ಸುಪ್ರೀಂ ಕೋರ್ಟಿನ ತಾಣದ ಪ್ರಕರಣ ಸ್ಥಿತಿ ವಿಭಾಗದಲ್ಲಿ ಹೈಕೋರ್ಟಿನ ಪ್ರಕರಣ ಸಂಖ್ಯೆ ಕೊಟ್ಟು ಹುಡುಕಬಹುದು. ನ್ಯಾಯಾಲಯಗಳ ಪ್ರಕರಣ ಮಾಹಿತಿ ಕೊಡುವ ಇ-ಕೋರ್ಟ್ಸ್ ತಾಣದಲ್ಲಿ ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿಗಳು ವರ್ಷವನ್ನು ಸೂಚಿಸುತ್ತವೆ. ಆ ಸಂಖ್ಯೆಯನ್ನು ಕಡತದ ಮೇಲೆ ಬರೆದಿಟ್ಟರೆ ಪ್ರಕರಣ ಸಂಖ್ಯೆಗಾಗಿ ಪ್ರತಿ ಸಲ ಗುಮಾಸ್ತರನ್ನು ಓಡಿಸುವುದು ತಪ್ಪುತ್ತದೆ.

ವಿಶೇಷ ಮೇಲ್ಮನವಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ಕಾರಣ ನೀಡದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ ‘ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟ್’ ಎಂದು ಪತ್ರಿಕೆಗಳು ಬರೆಯುತ್ತವೆ, ನಾವೂ ಹಾಗೆಯೇ ವಾದಿಸುತ್ತೇವೆ. ಅದು ತಪ್ಪು. ಅಂಥ ವಜಾದಿಂದ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ವಿಲೀನವಾಗುವುದಿಲ್ಲ, ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುವ, ಸಂವಿಧಾನದ 141ನೇ ವಿಧಿಯ ಅರ್ಥದ ಕಾನೂನು ಘೋಷಣೆಯೂ ಆಗುವುದಿಲ್ಲ ಎಂಬುದನ್ನು ಕುನ್ಹಯಮ್ಮದ್ ಪ್ರಕರಣದಲ್ಲಿ 2000ದಲ್ಲೇ ಸ್ಪಷ್ಟಪಡಿಸಲಾಗಿದೆ.

ಕಲಮು ಅದೇ ಇದೆಯೇ?

ತೀರ್ಪು ಊರ್ಜಿತವಾಗಿದ್ದು, ಅದು ಆಧರಿಸಿದ ಕಲಮೇ ಮಾಯವಾಗಿರಬಹುದು. ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದಕ್ಕೆ ಸಂಬಂಧಿಸಿದ 79ಎ ಮತ್ತು 79ಬಿ ಕಲಮುಗಳನ್ನು 2020ರ ತಿದ್ದುಪಡಿಯು ಕರ್ನಾಟಕ ಭೂಸುಧಾರಣಾ ಕಾಯ್ದೆಯಿಂದ ತೆಗೆದುಹಾಕಿತು. ಅವುಗಳ ಮೇಲಿನ ಹಳೆಯ ತೀರ್ಪುಗಳು ಮಾತ್ರ ಹುಡುಕಿದಾಗಲೆಲ್ಲ ಎದುರಾಗುತ್ತಲೇ ಇರುತ್ತವೆ.

ಕ್ರಿಮಿನಲ್ ಪ್ರಕರಣಗಳಲ್ಲಿ ಗೊಂದಲ ಇನ್ನೂ ಹೆಚ್ಚು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482 ಎಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ 482 ನಿರೀಕ್ಷಣಾ ಜಾಮೀನಿನ ಕಲಮು. ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಆ ದಿನಕ್ಕೆ ಮುಂಚೆಯೇ ನಡೆಯುತ್ತಿದ್ದ ವಿಚಾರಣೆಗಳು 531ನೇ ಕಲಮಿನ ಪ್ರಕಾರ ಹಳೆಯ ಸಂಹಿತೆಯಂತೆಯೇ ಸಾಗುವುದರಿಂದ, ಒಂದೇ ದಿನ ಒಂದೇ ಮೇಜಿನ ಮೇಲೆ ಎರಡೂ 482ಗಳಿಗೆ ಸಂಬಂಧಿಸಿದ ಕಡತಗಳು ಇರಬಹುದು. ಇಂಡಿಯಾ ಕೋಡ್ ತಾಣದಲ್ಲಿ ಕೇಂದ್ರದ ಕಾಯ್ದೆಗಳೂ, ರಾಜ್ಯದ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ಕರ್ನಾಟಕದ ಕಾಯ್ದೆಗಳೂ ಸಿಗುತ್ತವೆ. ಕಪಾಟಿನಲ್ಲಿರುವ ಹತ್ತು ವರ್ಷ ಹಳೆಯ ಬೇರ್ ಆ್ಯಕ್ಟ್ (ಕಾಯ್ದೆಯ ಮೂಲಪಾಠವಷ್ಟೇ ಇರುವ ಪುಸ್ತಕ) ಕೈಗೆ ಎಷ್ಟೇ ಒಗ್ಗಿದ್ದರೂ ಅದನ್ನೊಂದನ್ನೇ ನಂಬಬೇಡಿ.

ಓದಿ, ನಂತರ ಒಪ್ಪಿಸಿ

ತೀರ್ಪಿನ ಆರಂಭದಲ್ಲಿ ಅಚ್ಚಾಗುವ ಸಾರಾಂಶವಾದ ಹೆಡ್‌ನೋಟ್ ಎಂಬುದು ಸಂಪಾದಕರು ಬರೆದದ್ದು, ತೀರ್ಪಿನ ಭಾಗವಲ್ಲ. ಮೊದಲು ಪ್ರಕರಣದ ಸಂಗತಿಗಳನ್ನು ಓದಿ; ನಿಮ್ಮ ಕಕ್ಷಿದಾರರ ಸಂಗತಿಗಳಿಗೆ ಅವು ಹೊಂದದಿದ್ದರೆ ಮುಂದೆ ಎಷ್ಟು ಚೆಂದದ ಸಾಲಿದ್ದರೂ ಉಪಯೋಗವಿಲ್ಲ. ನಿಮಗೆ ಬೇಕಾದ ಪ್ಯಾರಾ ನ್ಯಾಯಾಲಯದ ನಿರ್ಣಯವೋ, ಅಥವಾ ವಕೀಲರ ವಾದವನ್ನು ದಾಖಲಿಸಿದ ಭಾಗವೋ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಸೋತ ಪಕ್ಷದ ವಾದವನ್ನೇ ತೀರ್ಪೆಂದು ಓದಿದವರನ್ನು ನಾನು ಕಂಡಿದ್ದೇನೆ. ಸುಪ್ರೀಂ ಕೋರ್ಟ್ ಹಲವು ತೀರ್ಪುಗಳ ಕನ್ನಡ ಅನುವಾದವನ್ನೂ ಪ್ರಕಟಿಸುತ್ತಿದೆ. ಕಕ್ಷಿದಾರರಿಗೆ ವಿವರಿಸಲು ಅದು ಬಹಳ ಒಳ್ಳೆಯದು. ಆದರೆ ಅಧಿಕೃತವಾದದ್ದು ಇಂಗ್ಲಿಷ್ ಪ್ರತಿಯೇ.

ಒಪ್ಪಿಸುವಾಗ ಸೈಟೇಷನ್, ಪೀಠ, ದಿನಾಂಕ ಮತ್ತು ಪ್ಯಾರಾ ಸಂಖ್ಯೆಗಳನ್ನು ನಮೂದಿಸಿದ ಒಂದು ಮೆಮೊ ಜೊತೆ ಪೂರ್ಣ ತೀರ್ಪಿನ ಪ್ರತಿಯನ್ನು ಕೊಡಿ. ಎದುರು ವಕೀಲರಿಗೂ ಒಂದು ಪ್ರತಿ ಮೊದಲೇ ತಲುಪಲಿ. ನಿಮ್ಮ ಕಡತದಲ್ಲಿ ಉಳಿಯುವ ಪ್ರತಿಯ ಮೇಲ್ಭಾಗದಲ್ಲಿ, ತೀರ್ಪಿನ ಸ್ಥಿತಿಯನ್ನು ಪರಿಶೀಲಿಸಿದ ದಿನಾಂಕವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ವಾದ ಮುಂದಿನ ತಿಂಗಳಿಗೆ ಹೋದರೆ ಆ ದಿನ ಬೆಳಿಗ್ಗೆ ಮತ್ತೊಮ್ಮೆ ನೋಡಿ, ಹಳೆಯ ದಿನಾಂಕ ಅಳಿಸಿ ಹೊಸದನ್ನು ಬರೆಯಿರಿ.