ಅಪೀಲು ಬಾಕಿ ಇದ್ದಾಗಲೇ ಬ್ಯಾಂಕ್ ಖಾತೆಗೆ ತಡೆ: ಬಿಡಿಸಿಕೊಂಡ ಬಗೆ

ಆದಾಯ ತೆರಿಗೆ ಆದೇಶದ ಮೇಲೆ ಫಾರ್ಮ್ 35ರಲ್ಲಿ ಅಪೀಲು ಹಾಕಿ ಆಗಿತ್ತು. ಆದರೂ ಬ್ಯಾಂಕಿಗೆ ಆದಾಯ ತೆರಿಗೆ ಕಾಯ್ದೆಯ 226(3)ರ ನೋಟಿಸು (ತೆರಿಗೆ ಬಾಕಿಯನ್ನು ಖಾತೆಯಿಂದಲೇ ಇಲಾಖೆಗೆ ಕಟ್ಟಿ ಎನ್ನುವುದು) ಹೋಗಿ ಅಂಗಡಿಯ ಕರೆಂಟ್ ಅಕೌಂಟ್ ಬಂದ್. ಹೋಲ್‌ಸೇಲ್‌ನವರಿಗೆ ಕೊಟ್ಟ ಚೆಕ್ಕೂ ವಾಪಸ್.

ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. 1961ರ ಕಾಯ್ದೆಯ 220(6)ರಡಿ ವಸೂಲಿಗೆ ತಡೆಯನ್ನು ಬೇರೆಯಾಗಿಯೇ ಕೇಳಬೇಕು. ಕೇಳಿದ್ದೆ, ಅರ್ಜಿ ಅಧಿಕಾರಿಯ ಮೇಜಿನ ಮೇಲೇ ಕೂತಿತ್ತು. ಕೈ ಹಿಡಿದದ್ದು ಅದರ ಸೀಲು ಬಿದ್ದ ಸ್ವೀಕೃತಿ ಪ್ರತಿ. ವಕೀಲರು ಅದನ್ನೇ ಮುಂದಿಟ್ಟು ಹೈಕೋರ್ಟಿನಲ್ಲಿ ರಿಟ್ ಹಾಕಿದರು.

2017ರ ಜುಲೈ 31ರ ಸಿಬಿಡಿಟಿ (ಕೇಂದ್ರ ನೇರ ತೆರಿಗೆ ಮಂಡಳಿ) ಸೂಚನೆಯಂತೆ, ವಿವಾದಿತ ಬೇಡಿಕೆಯ ಶೇ. 20 ಕಟ್ಟಿದರೆ ಉಳಿದದ್ದರ ವಸೂಲಿಗೆ ಸಾಮಾನ್ಯವಾಗಿ ತಡೆ ಸಿಗುತ್ತದೆ. (ಅದಕ್ಕಿಂತ ಕಡಿಮೆಗೂ ಕೊಡಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಯಾರು ಕೇಳಬೇಕು!) ಶೇ. 20 ಕಟ್ಟಿ ಚಲನ್ ತೋರಿಸಿದ ಮೇಲೆ ಜಪ್ತಿ ತೆರವಾಯಿತು. ಅಪೀಲು ಇನ್ನೂ ನಡೆಯುತ್ತಿದೆ.